ಹತ್ತು ಸ್ಪೀಕರ್, ಒಂದೇ ಮೈಕು

ಅನೌನ್ಸರು ರಿಟೈರ್ ಆಗಿದ್ದರು, ಅವರ ಗಂಟಲು ಆಗಿರಲಿಲ್ಲ. ರೈಲ್ವೆ ಸ್ಟೇಷನ್ನಿನ ಗಾಜಿನ ಗೂಡಿನಲ್ಲಿ ಕುಳಿತು ಒಂದು ಆಯುಷ್ಯವೆಲ್ಲ "ಪ್ರಯಾಣಿಕರ ಗಮನಕ್ಕೆ" ಎಂದವರು ಅವರು. ಈಗ ಗಮನ ಕೊಡಲು ಪ್ರಯಾಣಿಕರಿರಲಿಲ್ಲ. ಇದ್ದವರು ಯಜಮಾನಿ, ಮಗ, ಸೊಸೆ. ಆದರೂ ಅಭ್ಯಾಸ ಬಿಡುತ್ತದೆಯೇ? ಟವೆಲು ಹೆಗಲಿಗೆ ಹಾಕಿಕೊಂಡು "ನಾನೀಗ ಸ್ನಾನಕ್ಕೆ ಹೊರಟಿದ್ದೇನೆ" ಎಂದು ಹೇಳಿಯೇ ಹೊರಡುತ್ತಿದ್ದರು.

"ಯಾವ ಪ್ಲಾಟ್‌ಫಾರ್ಮಿಂದ?" ಎಂದು ಅಡುಗೆಮನೆಯಿಂದ ಯಜಮಾನಿ ಕೇಳುತ್ತಿದ್ದರು.

ಮಗ ಲಿಫ್ಟ್ ರಿಪೇರಿಯವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಮನೆಗೆ ಬಂದರೆ ಅಡ್ಡಡ್ಡ ಬಿದ್ದುಕೊಳ್ಳುತ್ತಿದ್ದ. ಲೋಕದ ಗೊಡವೆ ಅವನಿಗೆ ಬೇಕಿರಲಿಲ್ಲ. ಅವನ ಪಾಲಿನ ಲೋಕವನ್ನೂ ಸೇರಿಸಿ ಹೊತ್ತುಕೊಂಡವಳು ಸೊಸೆ. ಊರಿನ ದೊಡ್ಡ ಪತ್ರಿಕೆಯಲ್ಲಿ ವಿದೇಶ ಸುದ್ದಿಯ ವಿಭಾಗ ಅಂತ ಒಂದಿತ್ತು, ಆ ವಿಭಾಗ ಅಂದರೆ ಅವಳೊಬ್ಬಳೇ. ಮುಖ್ಯಸ್ಥೆಯೂ ಅವಳೇ, ಸಿಬ್ಬಂದಿಯೂ ಅವಳೇ. ರಜೆ ಬೇಕಾದರೆ ತನಗೆ ತಾನೇ ಅರ್ಜಿ ಬರೆದು ತಾನೇ ತಿರಸ್ಕರಿಸಬೇಕಿತ್ತು. ಅನೌನ್ಸರು ಅವಳನ್ನು "ನಮ್ಮನೆ ವಿದೇಶಾಂಗ ಸಚಿವೆ" ಎಂದು ಕರೆಯುತ್ತಿದ್ದರು. ಎದುರಿಗೆ ಇದು ಕಿಚಾಯಿಸುವ ಮಾತು. ಬೆನ್ನ ಹಿಂದೆ, ಪಾರ್ಕಿನ ಬೆಂಚಿನಲ್ಲಿ, ಇದೇ ಮಾತು ಎದೆಯುಬ್ಬಿಸಿ ಹೊರಬರುತ್ತಿತ್ತು.

ಸಚಿವೆಯ ರಾಜ್ಯ ಮಾತ್ರ ದಿನದಿಂದ ದಿನಕ್ಕೆ ಕುಗ್ಗುತ್ತಿತ್ತು. ದೂರದ ಒಂದು ದೇಶದಲ್ಲಿ ಯುದ್ಧ ಶುರುವಾದಾಗ ಪತ್ರಿಕೆ ಅವಳಿಗೆ ಇಡೀ ಪುಟ ಕೊಟ್ಟು, ಅದಕ್ಕೆ "ಭೂಗೋಳ" ಎಂದು ಹೆಸರಿಟ್ಟಿತ್ತು. ಟಿವಿಯವರು ನೆಲದ ಮೇಲೆ ನಕಾಶೆ ಹಾಸಿ, ಆಟಿಕೆ ಟ್ಯಾಂಕು ಇಟ್ಟು, ಆಂಕರನ್ನು ಅದರ ಮೇಲೆ ಓಡಾಡಿಸಿದರು. ಪಾರ್ಕಿನ ಬೆಂಚಿನವರೂ ಊರುಗೋಲಿನಿಂದ ಮಣ್ಣಿನಲ್ಲಿ ನದಿ ಎಳೆದು, ಸೇತುವೆ ಕಟ್ಟಿ, ತಿಂಡಿ ಹೊತ್ತಿಗೆ ಅದನ್ನು ಉಡಾಯಿಸಿ ಮನೆಗೆ ಹೋಗುತ್ತಿದ್ದರು. ಆಮೇಲೆ ಎಲ್ಲರಿಗೂ ಬೇಜಾರು ಬಂತು. ಯುದ್ಧ ತಲೆಬರಹದಿಂದ ಜಾರಿ ಟಿವಿಯ ಕೆಳಗಿನ ಪಟ್ಟಿಗೆ ಇಳಿಯಿತು. ಒಬ್ಬ ನಟನ ನಿಶ್ಚಿತಾರ್ಥ ಬಂದ ವಾರ ಪಟ್ಟಿಯಿಂದಲೂ ಜಾರಿತು. ಅಲ್ಲಿ ಬಾಂಬು ಬೀಳುತ್ತಲೇ ಇತ್ತು, ಇಲ್ಲಿ ಟಿಆರ್‌ಪಿ ಬಿದ್ದಿತ್ತು. ಬಿದ್ದ ಎರಡರಲ್ಲಿ ಚಾನೆಲ್‌ನವರಿಗೆ ಕೇಳಿಸಿದ್ದು ಎರಡನೆಯದರ ಸದ್ದು. "ಭೂಗೋಳ" ಪುಟ ಅರ್ಧವಾಗಿ, ಕಾಲಾಗಿ, ಕೊನೆಗೆ ಪದಬಂಧಕ್ಕೂ ಹಾಸಿಗೆ ಅಂಗಡಿಯ ಜಾಹೀರಾತಿಗೂ ನಡುವೆ ಗೋಲಿಯಷ್ಟು ಉಳಿಯಿತು. ಈಗ ಆ ಗೋಲಿಯೂ ಉರುಳುವುದರಲ್ಲಿತ್ತು. ತಿಂಗಳ ಕೊನೆಗೆ ವಿಭಾಗ ಮುಚ್ಚುತ್ತೇವೆ ಎಂದು ಸಂಪಾದಕರು ಹೇಳಿಯಾಗಿತ್ತು. "ಬೇಕಾದ್ರೆ ಪಾಕಶಾಲೆ ಪುಟ ನೋಡ್ಕೋಬಹುದಮ್ಮ" ಎಂಬ ಸಮಾಧಾನವೂ ಅದರ ಜೊತೆಗೆ ಬಂದಿತ್ತು.

ಅಷ್ಟಾದರೂ ಸೊಸೆ ಪ್ರತಿದಿನ ಬೆಳಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಪಕ್ಕ ನಿಂತು ಫೋನ್ ಮಾಡುತ್ತಿದ್ದಳು. ಯುದ್ಧದ ನಟ್ಟನಡುವೆ ಇದ್ದ, ನದಿ ದಂಡೆಯ ಆ ನಗರದಲ್ಲಿ ಅವಳು ಕಾಲೇಜು ದಿನಗಳಲ್ಲಿ ಎರಡು ವರ್ಷ ಓದಿದ್ದಳು. ಒಂದು ಬೇಕರಿಯ ಮಹಡಿಯಲ್ಲಿ ಕೋಣೆ ಹಿಡಿದಿದ್ದಳು. ಅಲ್ಲಿನ ಭಾಷೆ ಬರುತ್ತಿತ್ತು. ಫೋನಿನಲ್ಲಿ ಅವಳು ಏನು ಮಾತಾಡುತ್ತಾಳೆ ಎಂದು ಅನೌನ್ಸರು ಒಮ್ಮೆ ಕೇಳಿದ್ದರು.

"ಬೇಕರಿಯವನ್ನ ಇವತ್ತು ಬ್ರೆಡ್ ಎಷ್ಟು ಹೊತ್ತಿಗೆ ಸಿಗತ್ತೆ ಅಂತ ಕೇಳಿದೆ. ದನದ ಡಾಕ್ಟರನ್ನ ಗುರುವಾರ ನಾಯಿಗೆ ಇಂಜೆಕ್ಷನ್ ಹಾಕ್ತೀರಾ ಅಂತ ಕೇಳಿದೆ."

"ನಮ್ಮನೇಲಿ ನಾಯಿ ಎಲ್ಲಿದೆ?"

"ಇಲ್ಲ ಮಾವ. ಅಲ್ಲಿಯವರನ್ನ ಯುದ್ಧ ಹೇಗಿದೆ ಅಂತ ನೇರ ಕೇಳೋ ಹಾಗಿಲ್ಲ, ಫೋನ್ ಯಾರಾದ್ರೂ ಕದ್ದು ಕೇಳ್ತಿರ್ತಾರೆ, ಅವರಿಗೆ ಕಷ್ಟ. ಆದ್ರೆ ಸೈನ್ಯ ಊರೊಳಗೆ ನುಗ್ಗಿದ್ರೆ ಮೊದಲು ಬದಲಾಗೋದು ಅಂಗಡಿ ಬಾಗಿಲು ತೆಗೆಯೋ ಟೈಮು. ಗುರುವಾರ ಬಾ ಅಂದ್ರೆ ಗುರುವಾರದವರೆಗೆ ಊರು ಇರತ್ತೆ ಅಂತ ಅವರಿಗೆ ಧೈರ್ಯ ಇದೆ ಅಂತ ಅರ್ಥ."

"ಇವರಿಬ್ಬರೇ ಯಾಕೆ?"

"ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲ್ಲ. ಬೇಕರಿಯವನ ಬೆಕ್ಕು ಡಾಕ್ಟರ ಕೈಯಲ್ಲಿ ಸತ್ತೋಯ್ತು, ಅವತ್ತಿಂದ ಮಾತಿಲ್ಲ. ಬೇಕರಿಯವನು ಸರ್ಕಾರದ ಕಡೆ, ಡಾಕ್ಟರು ದಂಗೆಯವರ ಕಡೆ. ಅಂಥ ಇಬ್ಬರು ಒಂದೇ ಮಾತು ಹೇಳಿದ್ರೆ ನಾನು ಅದನ್ನ ಸುದ್ದಿ ಅಂತೀನಿ."

"ಬೆಕ್ಕಿನ ಆಧಾರದ ಮೇಲೆ ನಡೀತಿದೆ ನಮ್ಮ ವಿದೇಶಾಂಗ ನೀತಿ" ಎಂದು ಅನೌನ್ಸರು ನಕ್ಕಿದ್ದರು. ಅವತ್ತೇ ಸಂಜೆ ಬೆಂಚಿಗೆ ಹೋಗಿ ಬೆಕ್ಕಿನ ಕಥೆಯನ್ನು ಎರಡು ಸಲ ಹೇಳಿ ಬಂದಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಟಿವಿ ಹಾಕಿದರೆ ಕೆಂಪೋ ಕೆಂಪು. ನಟನ ನಿಶ್ಚಿತಾರ್ಥ ಮುಗಿದು ಮದುವೆ ಇನ್ನೂ ದೂರವಿದ್ದ ಖಾಲಿ ದಿನಗಳವು. ನದಿ ದಂಡೆಯ ನಗರ ಬಿತ್ತು ಎಂದು ಎಲ್ಲ ಚಾನೆಲ್‌ಗಳೂ ಕೂಗುತ್ತಿದ್ದವು. ಮರೆತುಹೋಗಿದ್ದ ಟ್ಯಾಂಕುಗಳು ಪೆಟ್ಟಿಗೆಯಿಂದ ಹೊರಬಂದು ಮತ್ತೆ ನಕಾಶೆಯ ಮೇಲೆ ನಿಂತಿದ್ದವು. ಹೊಗೆಯೇಳುವ ಒಂದು ಬೀದಿಯ ವಿಡಿಯೋ ತಿರುತಿರುಗಿ ಬರುತ್ತಿತ್ತು.

ಸೊಸೆ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಟಿವಿ ಮುಂದೆ ನಿಂತಳು. ಬಾಲ್ಕನಿಗೆ ಹೋಗಿ ಫೋನ್ ಮಾಡಿದಳು. ಬೇಕರಿಯವನು ಎತ್ತಲಿಲ್ಲ. ಡಾಕ್ಟರೂ ಎತ್ತಲಿಲ್ಲ.

"ಬಿತ್ತಾ ಹಾಗಾದ್ರೆ?" ಎಂದರು ಅನೌನ್ಸರು.

"ಗೊತ್ತಿಲ್ಲ ಮಾವ."

"ಎಲ್ಲರೂ ಹೇಳ್ತಿದಾರಲ್ಲಮ್ಮ."

"ಎಲ್ಲರೂ ಹೇಳ್ತಿದಾರೆ. ಯಾರಿಗೂ ಗೊತ್ತಿರೋ ಹಾಗೆ ಕಾಣ್ತಿಲ್ಲ." ತಿಂಡಿ ಅರ್ಧಕ್ಕೇ ಬಿಟ್ಟು ಬ್ಯಾಗು ಹೆಗಲಿಗೇರಿಸಿದಳು. ಬಾಗಿಲಲ್ಲಿ ತಿರುಗಿ, "ಕಾಯ್ತೀನಿ" ಎಂದಳು. ಅದು ಅವರಿಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ ಗೊತ್ತಾಗಲಿಲ್ಲ.

ಅವತ್ತು ಪಾರ್ಕಿನ ಬೆಂಚು ಪೂರ್ಣ ಹಾಜರಿಯಲ್ಲಿತ್ತು. ಆ ಬೆಂಚಿಗೆ ಭದ್ರತಾ ಮಂಡಳಿ ಎಂದು ಹೆಸರು. ಕಾಯಂ ಸದಸ್ಯರಲ್ಲಿ ಮುಖ್ಯರು ಹಲ್ಲು ಡಾಕ್ಟರು. ಪ್ರಾಕ್ಟೀಸು ಬಿಟ್ಟು ವರ್ಷಗಳಾಗಿದ್ದರೂ ಎದುರಿಗಿದ್ದವರು ಬಾಯಿ ತೆರೆದರೆ ಮಾತು ಕೇಳುವ ಮೊದಲು ಒಳಗೆ ಇಣುಕುವವರು. ಅನೌನ್ಸರು ಗೇಟು ದಾಟುತ್ತಿದ್ದಂತೆಯೇ ಮಂಡಳಿ ಅವರಿಗೆ ನಡುವೆ ಜಾಗ ಮಾಡಿಕೊಟ್ಟಿತು. ಅಂಥ ಜಾಗ ಅವರಿಗೆ ಎಷ್ಟೋ ತಿಂಗಳಿಂದ ಸಿಕ್ಕಿರಲಿಲ್ಲ.

"ಏನ್ರೀ ಅನೌನ್ಸರೇ, ನಿಮ್ಮ ಸಚಿವೆ ಏನಂತಾರೆ? ಬಿತ್ತೋ ಇಲ್ವೋ?" ಎಂದರು ಹಲ್ಲು ಡಾಕ್ಟರು.

ಕಾಯ್ತಿದಾಳೆ ಅನ್ನಬೇಕಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಎಲ್ಲ ಮುಖಗಳೂ ತನ್ನ ಕಡೆ ತಿರುಗಿರುವಾಗ, ಎಷ್ಟೋ ಕಾಲದ ನಂತರ ಮೈಕು ತಾನಾಗಿಯೇ ಬಾಯಿಯ ಹತ್ತಿರ ಬಂದಿರುವಾಗ, ಗೊತ್ತಿಲ್ಲ ಅಂತ ಹೇಳುವುದು ಹೇಗೆ? ಅನೌನ್ಸರು ಗಂಟಲು ಸರಿಮಾಡಿಕೊಂಡರು.

"ಬಿತ್ತು. ಬೆಳಗ್ಗೆ ನಮ್ಮ ಮನೆಯಿಂದಲೇ ಅಲ್ಲಿಗೆ ಫೋನ್ ಹೋಗಿತ್ತು."

"ಅಂದ್ರೆ ನಿಮ್ಮ ಸೊಸೆ ಹೇಳಿದ್ರು."

"ನನ್ನ ಬಾಯಲ್ಲಿ ಹೇಳಿಸ್ಬೇಡಿ ಡಾಕ್ಟ್ರೇ" ಎಂದರು ಅನೌನ್ಸರು. ಹೇಳಿದ್ದಕ್ಕಿಂತ ಇದು ಜಾಸ್ತಿ ಹೇಳಿತು. ಮಂಡಳಿ ತಲೆದೂಗಿತು. ಹಲ್ಲು ಡಾಕ್ಟರು ಫೋನ್ ತೆಗೆದು ಪಕ್ಕದ ಮರದ ಕೆಳಗೆ ಹೋದರು. ಅವರ ಅಳಿಯ ಒಂದು ಟಿವಿ ಚಾನೆಲ್‌ನಲ್ಲಿ ಕೆಲಸ ಮಾಡುವುದು ಅನೌನ್ಸರಿಗೆ ಗೊತ್ತಿತ್ತು. ಆ ಗಳಿಗೆಯಲ್ಲಿ ನೆನಪಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಟಿವಿಯಲ್ಲಿ ಹೊಸ ಪಟ್ಟಿ ಓಡಿತು. "ನಗರ ಪತನ: ಊರಿನ ಪ್ರಮುಖ ಪತ್ರಿಕೆಯ ವಿದೇಶ ವಿಭಾಗದ ಆಪ್ತ ಮೂಲಗಳಿಂದ ಖಚಿತ."

"ನೋಡಿದ್ಯಾ!" ಎಂದು ಅನೌನ್ಸರು ತೊಡೆ ತಟ್ಟಿದರು. "ನಮ್ಮವಳೂ ಖಚಿತ ಮಾಡಿದ್ಳು. ನಾನು ಬೆಳಗ್ಗೇನೇ ಹೇಳಿದ್ದೆ." ತನ್ನ ಮಾತೇ ಊರು ಸುತ್ತಿ, ಬಟ್ಟೆ ಬದಲಾಯಿಸಿಕೊಂಡು, ತನ್ನ ಮನೆಗೇ ಅತಿಥಿಯಾಗಿ ಬಂದದ್ದು ಆ ಪುಣ್ಯಾತ್ಮರಿಗೆ ಗೊತ್ತಾಗಲಿಲ್ಲ. ಇನ್ನೊಂದು ಸಲ ಬಡಿಸಿಕೊಂಡರು.

ಆಗ ಫೋನ್ ಬಂತು. ಸೊಸೆಯ ದನಿ ತಗ್ಗಿತ್ತು.

"ಮಾವ, ಊರು ಬಿದ್ದಿಲ್ಲ. ಬೇಕರಿಯವನು ಸಿಕ್ಕಿದ. ಬೆಳಗ್ಗೆ ಹಿಟ್ಟು ತರೋ ಸಾಲಲ್ಲಿ ನಿಂತಿದ್ನಂತೆ. ಸಂಜೆ ಬ್ರೆಡ್ ಇರತ್ತೆ ಬಾ ಅಂದ. ಡಾಕ್ಟರೂ ಗುರುವಾರ ನಾಯಿ ಕರ್ಕೊಂಡು ಬಾ ಅಂದ್ರು. ಇಬ್ಬರೂ ಹೇಳಿದಾರೆ."

"ಮತ್ತೆ ಟಿವಿಯಲ್ಲಿ ನಿಮ್ಮ ವಿಭಾಗದವರೇ…"

"ಅದೇ ಈಗ ನನ್ನ ಕುತ್ತಿಗೆಗೆ ಬಂದಿರೋದು. ಬಿದ್ದಿಲ್ಲ ಅಂತ ನಾನು ಬರ್ಕೊಟ್ಟೆ. ಎಡಿಟರು, ನಿಮ್ಮ ವಿಭಾಗದವರೇ ಬಿತ್ತು ಅಂತ ಚಾನೆಲ್‌ಗೆ ಹೇಳಿದಾರಲ್ಲ ಅಂತಿದಾರೆ. ವಿಭಾಗದಲ್ಲಿ ಇರೋದು ನಾನೊಬ್ಬಳು. ಒಂದೋ ಅಲ್ಲಿ ಸುಳ್ಳು ಹೇಳಿದೀನಿ, ಇಲ್ಲಾ ಇಲ್ಲಿ ಅಂತ ಅವರ ಲೆಕ್ಕ. ತಿಂಗಳ ಕೊನೆ ತನಕ ಯಾಕೆ, ಇವತ್ತೇ ಮುಚ್ಚೋಣ ಅಂತಿದಾರೆ. ಯಾರು ಹೇಳಿರಬಹುದು ಅಂತಾನೇ ತಿಳೀತಿಲ್ಲ ಮಾವ. ಮನೆಗೆ ಬರೋದು ಲೇಟಾಗತ್ತೆ, ಅತ್ತೆಗೆ ಹೇಳಿ."

ಫೋನ್ ಇಟ್ಟ ಮೇಲೆ ಅನೌನ್ಸರ ಕೈಯಲ್ಲಿದ್ದ ತುತ್ತು ತಟ್ಟೆಗೇ ವಾಪಸು ಬಂತು. ಯಜಮಾನಿ ಅವರ ಮುಖ ನೋಡಿದರು. ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಆ ಮುಖವನ್ನು ಓದಲು ಕನ್ನಡಕ ಬೇಕಿರಲಿಲ್ಲ.

"ರೀ. ಬೆಂಚಲ್ಲಿ ಏನು ಹೇಳಿದ್ರಿ?"

"ಸುಮ್ನೆ ಒಂದು ಮಾತು…"

"ಆಪ್ತ ಮೂಲ ನೀವೇನಾ?" ಯಜಮಾನಿ ಸೌಟು ಕೆಳಗಿಟ್ಟರು. "ನಿಮಗಿರೋ ಮೂಲ ನನಗೆ ಗೊತ್ತಿಲ್ವಾ? ಅದಕ್ಕೆ ಡಾಕ್ಟರು ಮುಲಾಮು ಕೊಟ್ಟಿದಾರೆ. ಈ ಹೊಸ ಮೂಲಕ್ಕೆ ಯಾವ ಮುಲಾಮು ಹಚ್ಚೋದು ಹೇಳಿ!"

ಬೇರೆ ದಿನವಾಗಿದ್ದರೆ ಅನೌನ್ಸರು ನಗುತ್ತಿದ್ದರು. ಇವತ್ತು ಅವರ ಕಣ್ಣ ಮುಂದೆ ಸ್ಟೇಷನ್ನಿನ ಗಾಜಿನ ಗೂಡು ಬಂದು ನಿಂತಿತ್ತು. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಹತ್ತು ಸ್ಪೀಕರು. ಗಾಡಿ ಬರುತ್ತಿದೆ ಎಂದು ಈ ತುದಿಯಲ್ಲಿ ಕೇಳಿದವರು ನಂಬದೆ ಆ ತುದಿಗೆ ಓಡಿ, ಅಲ್ಲೂ ಕೇಳಿ, "ಇಲ್ಲೂ ಅದೇ ಹೇಳ್ತಿದಾರೆ ಕಣೋ" ಎಂದು ಸಮಾಧಾನ ಪಡುತ್ತಿದ್ದರು. ಗೂಡಿನೊಳಗೆ ಕುಳಿತು ಅದನ್ನು ನೋಡಿ ನೋಡಿ ನಗುತ್ತಿದ್ದವರು ಇವರೇ. ಸ್ಪೀಕರು ಹತ್ತಿದ್ದರೂ ಮೈಕು ಒಂದೇ ಎಂದು ಇವರಷ್ಟು ಚೆನ್ನಾಗಿ ಬಲ್ಲವರು ಯಾರು? ಅದಕ್ಕೇ ಗಾಡಿ ಹೊರಟಿದೆ ಎಂದು ಸಿಗ್ನಲ್ ಕ್ಯಾಬಿನ್ನಿನಿಂದ ಗಂಟೆ ಬಾರದೆ ಇವರು ಎಂದೂ ಬಾಯಿ ತೆರೆದಿರಲಿಲ್ಲ. ಮೇಲಿನ ಸಾಹೇಬರು ಗದರಿದರೂ ತೆರೆದಿರಲಿಲ್ಲ. ಒಂದು ಆಯುಷ್ಯವೆಲ್ಲ ಕಾಪಾಡಿಕೊಂಡು ಬಂದ ಆ ಮರ್ಯಾದೆಯನ್ನು ಬೆಂಚಿನ ನಡುವಿನ ಒಂದು ಜಾಗಕ್ಕೆ ಕೊಟ್ಟು ಬಂದಿದ್ದರು.

"ಇಸ್ತ್ರಿ ಶರ್ಟ್ ಎಲ್ಲಿದೆ?" ಎಂದರು.

"ಎಲ್ಲಿಗೆ ಸವಾರಿ?"

"ಪೇಪರ್ ಆಫೀಸಿಗೆ."

ಯಜಮಾನಿ ಈ ಸಲ ಪ್ಲಾಟ್‌ಫಾರ್ಮ್ ಕೇಳಲಿಲ್ಲ. ಶರ್ಟು ತಂದುಕೊಟ್ಟರು.

ಪತ್ರಿಕೆಯ ಕಚೇರಿಗೆ ಅನೌನ್ಸರು ಕಾಲಿಟ್ಟದ್ದು ಅದೇ ಮೊದಲು. ಲಿಫ್ಟಿನೊಳಗೆ ಮಗನ ಕಂಪನಿಯ ಸ್ಟಿಕ್ಕರು ಇತ್ತು. ಅದನ್ನು ನೋಡಿ ಸ್ವಲ್ಪ ಧೈರ್ಯ ಬಂತು. ಮೇಲೆ ಉದ್ದನೆಯ ಹಾಲು, ಅರ್ಧ ಕುರ್ಚಿಗಳು ಖಾಲಿ. ಗೋಡೆಯ ಮೇಲೆ ಸಾಲಾಗಿ ಟಿವಿಗಳು, ಎಲ್ಲದರ ಸದ್ದೂ ಬಂದ್. ಸದ್ದಿಲ್ಲದೆ ನೋಡಿದಾಗ ಎಲ್ಲ ಆಂಕರುಗಳೂ ಒಂದೇ ಮೀನಿನ ಹಾಗೆ ಬಾಯಿ ಬಿಟ್ಟು ಮುಚ್ಚುತ್ತಿದ್ದರು. ಹಾಲಿನ ಕೊನೆಯಲ್ಲಿ, ನೀರಿನ ಕ್ಯಾನು ಇಟ್ಟ ಮೂಲೆಯಲ್ಲಿ ಒಂದು ಮೇಜು. ಅದರ ಮೇಲೆ ಎರಡು ಗಡಿಯಾರ, ಒಂದು ಇಲ್ಲಿಯ ಹೊತ್ತು, ಇನ್ನೊಂದು ಆ ನಗರದ ಹೊತ್ತು. ನೀರು ಕುಡಿಯಲು ಬಂದವರೆಲ್ಲ ಲೋಟವನ್ನು ಅಲ್ಲೇ ಇಟ್ಟು ಹೋಗಿದ್ದರು. ಇದು ವಿದೇಶ ವಿಭಾಗ. ಅದರ ಪಕ್ಕ ಸೊಸೆ ನಿಂತಿದ್ದಳು, ಅವಳೆದುರು ಸಂಪಾದಕರು.

ಸಂಪಾದಕರಿಗೆ ಕಚೇರಿಯಲ್ಲಿ ಹಾಗೂಹೀಗೂ ಎಂದು ಅಡ್ಡಹೆಸರು.

"ನೋಡಮ್ಮ, ಬಿದ್ದಿರಲೂಬಹುದು, ಬೀಳದೇ ಇರಲೂಬಹುದು. ಹಾಗೂ ಇರತ್ತೆ, ಹೀಗೂ ಇರತ್ತೆ."

"ಇಲ್ಲ ಸಾರ್. ಊರು ಒಂದೇ. ಅದು ಹಾಗಾದ್ರೂ ಇರಬೇಕು, ಹೀಗಾದ್ರೂ ಇರಬೇಕು."

"ನಿಮ್ಮ ಆಪ್ತ ಮೂಲವೇ ಬಿತ್ತು ಅಂದಮೇಲೆ…"

ಅನೌನ್ಸರು ಮೆಲ್ಲಗೆ ಹೋಗಿ ಮೆಲ್ಲಗೆ ಹೇಳಬೇಕೆಂದುಕೊಂಡಿದ್ದರು. ಆದರೆ ಗಾಬರಿಯಾದಾಗ ಅವರ ಗಂಟಲಿಗೆ ಗೊತ್ತಿದ್ದದ್ದು ಒಂದೇ ದನಿ.

"ಎಲ್ಲರೂ ಗಮನಿಸಿ! ಆ ಆಪ್ತ ಮೂಲ ನಾನೇ!"

ಹಾಲಿನ ಕೊನೆಯವರೆಗೂ ದನಿ ಹೋಗಿ ಬಂತು. ಕ್ರೀಡಾ ವಿಭಾಗದವರು ಎದ್ದು ನಿಂತರು. ಯಾರದೋ ಕೈಯ ಲೋಟ ಜಾರಿತು. ಬೆಂಕಿ ಬಿದ್ದಿದೆ ಎಂದುಕೊಂಡು ಒಬ್ಬರು ಮೆಟ್ಟಿಲ ಕಡೆ ಹೊರಟರು.

"ಮಾವ?" ಎಂದಳು ಸೊಸೆ.

"ಯಾರಿವರು?" ಎಂದರು ಸಂಪಾದಕರು.

"ಇವಳ ಮಾವ ಸಾರ್. ಪಾರ್ಕಿನ ಬೆಂಚಲ್ಲಿ ಬಿತ್ತು ಅಂತ ಹೇಳಿದ್ದು ನಾನು. ಇವಳು ಹೇಳಿರಲಿಲ್ಲ. ಕಾಯ್ತೀನಿ ಅಂದಿದ್ಳು. ನಾನು ಕೊಚ್ಕೊಳ್ಳೋಕೆ ಹೇಳಿದೆ. ಪಕ್ಕದಲ್ಲಿದ್ದ ಹಲ್ಲು ಡಾಕ್ಟರು ಅಳಿಯಂಗೆ ಹೇಳಿದ್ರು, ಅಳಿಯ ಚಾನೆಲ್‌ಗೆ ಹೇಳಿದ. ಬೇಕಾದ್ರೆ ಫೋನ್ ಹಾಕ್ತೀನಿ, ನೀವೇ ಕೇಳಿ."

ಸ್ಪೀಕರ್ ಹಾಕಿ ಫೋನ್ ಮಾಡಿದರು. ಹಲ್ಲು ಡಾಕ್ಟರು ಖುಷಿಯಲ್ಲಿದ್ದರು. "ಏನ್ರೀ ಅನೌನ್ಸರೇ, ಟಿವಿ ನೋಡಿದ್ರಾ? ನಮ್ಮ ಅಳಿಯ ನಿಮ್ಮ ಮಾತನ್ನ ಹೇಗೆ ಹಾಕಿದಾನೆ! ನಿಮ್ಮ ಹೆಸರು ಹಾಕಿಸ್ಲಾ?" ಅನೌನ್ಸರು ಫೋನ್ ಆಫ್ ಮಾಡಿ ತಲೆ ತಗ್ಗಿಸಿದರು. ಯಾರೋ ಕಿಸಕ್ಕೆಂದು ನಕ್ಕರು. ಸೊಸೆ ನಗಲಿಲ್ಲ, ತನ್ನ ಮೇಜಿನ ಕುರ್ಚಿಯನ್ನೇ ಎಳೆದು ಅವರ ಹಿಂದೆ ಇಟ್ಟಳು.

ಸಂಪಾದಕರು ಗಡ್ಡ ಕೆರೆದುಕೊಂಡರು. "ಸರಿ, ಇದೊಂದು ಹೋಯ್ತು ಅಂತಿಟ್ಕೊಳ್ಳಿ. ಉಳಿದ ಚಾನೆಲ್‌ಗಳು? ಅಷ್ಟೂ ಜನರ ಮಾವಂದಿರೂ ಬೆಂಚಲ್ಲಿ ಕೂತಿರ್ತಾರಾ?"

"ಅಷ್ಟೂ ಚಾನೆಲ್ ತೋರಿಸ್ತಿರೋದು ಒಂದೇ ವಿಡಿಯೋ ಸಾರ್." ಸೊಸೆ ಗೋಡೆಯ ಟಿವಿಗಳ ಕಡೆ ಕೈ ಮಾಡಿದಳು. "ಆ ಬೀದಿಯಲ್ಲೇ ನಾನಿದ್ದದ್ದು. ಎಡಗಡೆ ಕೆಂಪು ಬಟ್ಟೆಯ ಚಪ್ಪರ ಕಾಣ್ತಿದೆಯಲ್ಲ, ಅದು ಬೇಕರಿ. ಆ ಚಪ್ಪರ ಯುದ್ಧದ ಮೊದಲನೇ ತಿಂಗಳೇ ಸುಟ್ಟುಹೋಯ್ತು, ಈಗ ಅಲ್ಲಿರೋದು ನೀಲಿ ಪ್ಲಾಸ್ಟಿಕ್ಕು. ಅವತ್ತೇ ಬರೆದಿದ್ದೆ, ನಮ್ಮ ಪೇಪರಲ್ಲೇ ಬಂದಿತ್ತು. ಇದು ಅವತ್ತಿನ ಹಳೇ ವಿಡಿಯೋ. ಯಾರೋ ಒಬ್ಬ ಇವತ್ತು ಹಾಕಿದ, ಒಬ್ಬರನ್ನ ನೋಡಿ ಒಬ್ಬರು ಎತ್ಕೊಂಡ್ರು. ನಿಮಗೆ ಬಾಯಿಗಳು ಕಾಣ್ತಿವೆ ಸಾರ್. ಗಂಟಲು ಒಂದೇ."

ಅನೌನ್ಸರು ತಲೆಯೆತ್ತಿದರು. ತಾನು ಗಾಜಿನ ಗೂಡಿನಲ್ಲಿ ಆಯುಷ್ಯವೆಲ್ಲ ಕುಳಿತು ಕಂಡುಕೊಂಡದ್ದನ್ನು ಈ ಹುಡುಗಿ ನೀರಿನ ಕ್ಯಾನಿನ ಪಕ್ಕ ನಿಂತು ಒಂದು ಉಸಿರಿನಲ್ಲಿ ಹೇಳಿಬಿಟ್ಟಿದ್ದಳು. ಎದ್ದು ಚಪ್ಪಾಳೆ ಹೊಡೆಯಬೇಕು ಅನ್ನಿಸಿತು. ಇವತ್ತಿಗೆ ಸಾಕಷ್ಟು ಸದ್ದು ಮಾಡಿಯಾಗಿದೆ ಎಂದು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತರು.

"ನಾಳೆ ಬೆಳಗ್ಗೆ ಎಲ್ಲರೂ ಬಿತ್ತು ಅಂದಾಗ ನಾವೊಬ್ಬರೇ ಬಿದ್ದಿಲ್ಲ ಅನ್ನೋದಾ?" ಸಂಪಾದಕರ ದನಿಯಲ್ಲಿ ಹಾಗೂ ಇರಲಿಲ್ಲ, ಹೀಗೂ ಇರಲಿಲ್ಲ, ಬರೀ ಭಯವಿತ್ತು. "ತಪ್ಪಾದ್ರೆ?"

"ನನ್ನ ಹೆಸರು ಹಾಕಿ. ತಪ್ಪಾದ್ರೆ ಪಾಕಶಾಲೆ ಪುಟವೂ ಬೇಡ, ನಾಳೆಯಿಂದ ನಾನು ಬರಲ್ಲ. ಸರಿಯಾದ್ರೆ ವಿಭಾಗ ಮುಚ್ಚೋ ಮಾತು ಬೇಡ."

ಸಂಪಾದಕರು ಟಿವಿಗಳ ಸಾಲನ್ನು ನೋಡಿದರು, ಕೆಂಪು ಚಪ್ಪರವನ್ನು ನೋಡಿದರು, ಎರಡು ಗಡಿಯಾರಗಳನ್ನೂ ನೋಡಿದರು. "ಒಂದು ಕಂಡೀಷನ್ನು. ಈ ಆಪ್ತ ಮೂಲದ ವಿಷಯಕ್ಕೆ ತಿದ್ದುಪಡಿ ಹಾಕ್ಬೇಕು. ನಮ್ಮ ವಿಭಾಗದ ಮಾತು ಅಂತ ಊರೆಲ್ಲ ನಂಬಿದೆ."

ಸೊಸೆ ಮಾವನ ಕಡೆ ತಿರುಗಿದಳು. ಊರವರ ಎದುರು ಅವರ ಮರ್ಯಾದೆ ಏನಾಗುತ್ತದೆ ಎಂದು ಅವಳ ಕಣ್ಣು ಕೇಳುತ್ತಿತ್ತು.

"ಹಾಕಮ್ಮ" ಎಂದರು ಅನೌನ್ಸರು. "ದೊಡ್ಡಕ್ಷರದಲ್ಲೇ ಹಾಕು."

ಮರುದಿನ ಪತ್ರಿಕೆಯ ಮುಖಪುಟದಲ್ಲಿ, ಎಲ್ಲಕ್ಕಿಂತ ಮೇಲೆ, "ನದಿ ದಂಡೆಯ ನಗರ ಬಿದ್ದಿಲ್ಲ" ಎಂದು ಬಂದಿತ್ತು, ಕೆಳಗೆ ಸೊಸೆಯ ಹೆಸರು. ಒಳಪುಟದ ಒಂದು ಚೌಕದಲ್ಲಿ ತಿದ್ದುಪಡಿ. ಯಜಮಾನಿ ಕಾಫಿ ಆರುವುದನ್ನೂ ಲೆಕ್ಕಿಸದೆ ಗಟ್ಟಿಯಾಗಿ ಓದಿದರು.

"ಚಾನೆಲ್ಲೊಂದು ನಿನ್ನೆ ಹೇಳಿದ ಆಪ್ತ ಮೂಲ ನಮ್ಮ ವಿದೇಶ ವಿಭಾಗದ ಮುಖ್ಯಸ್ಥೆಯ ಮಾವ. ನಗರದ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಇದನ್ನು ಅವರೇ ಕಚೇರಿಗೆ ಬಂದು ತಿಳಿಸಿದ್ದಾರೆ." ಪತ್ರಿಕೆ ಕೆಳಗಿಳಿಸಿ ಗಂಡನನ್ನು ನೋಡಿದರು. "ಏನೂ ಗೊತ್ತಿಲ್ಲ ಅಂತ ಪ್ರಿಂಟಲ್ಲೇ ಬಂತಲ್ರೀ. ನಾನು ಇಷ್ಟು ವರ್ಷ ಬಾಯಲ್ಲಿ ಹೇಳ್ಕೊಂಡು ಬಂದಿದ್ದೂ ಅದನ್ನೇ."

ಅನೌನ್ಸರು ಕತ್ತರಿ ತಂದು ಚೌಕವನ್ನು ನೀಟಾಗಿ ಕತ್ತರಿಸಿ ಶರ್ಟಿನ ಜೇಬಿಗೆ ಹಾಕಿಕೊಂಡು ಪಾರ್ಕಿಗೆ ಹೊರಟರು. ಬೇಡ ಎಂದು ಮಗನೂ ಹೇಳಿದ. ಕೇಳಲಿಲ್ಲ.

ಭದ್ರತಾ ಮಂಡಳಿ ತುರ್ತು ಸಭೆಯಲ್ಲಿತ್ತು. ಬೆಂಚಿನಲ್ಲಿ ಯಾರೂ ಜಾಗ ಮಾಡಿಕೊಡಲಿಲ್ಲ. ಅಳಿಯನಿಗೆ ಚಾನೆಲ್‌ನಲ್ಲಿ ಮಂಗಳಾರತಿಯಾಗಿತ್ತು. ಹಲ್ಲು ಡಾಕ್ಟರು ಹಲ್ಲು ಕಡಿಯುತ್ತಿದ್ದರು.

"ನಿನ್ನೆ ಬಿತ್ತು ಅಂದ್ರಿ. ಇವತ್ತು ನಿಮ್ಮ ಸೊಸೆ ಬಿದ್ದಿಲ್ಲ ಅಂತಾರೆ. ಎಲ್ಲ ಚಾನೆಲ್ಲೂ ಈಗಲೂ ಬಿತ್ತು ಅಂತಾನೇ ಇವೆ. ಯಾರನ್ನ ನಂಬೋದ್ರೀ?"

"ನನ್ನನ್ನ ನಂಬಬೇಡಿ" ಎಂದರು ಅನೌನ್ಸರು. ಜೇಬಿನಿಂದ ಚೌಕ ತೆಗೆದು ಡಾಕ್ಟರ ಕೈಗೆ ಕೊಟ್ಟರು. "ನನಗೇನೂ ಗೊತ್ತಿರಲಿಲ್ಲ ಅಂತ ಹಾಕಿದಾಳೆ, ಓದಿ. ಸ್ವಂತ ಮಾವ ಸುಳ್ಳು ಹೇಳಿದ್ರೂ ಮುಚ್ಚಿಡಲ್ಲ. ಅಂಥವಳು ಬಿದ್ದಿಲ್ಲ ಅಂದ್ರೆ ನಾನು ನಂಬ್ತೀನಿ. ನೀವು ಕಾಯಿರಿ."

ಇಡೀ ಮಂಡಳಿ ಆ ಪುಟ್ಟ ಚೌಕವನ್ನು ಕೈಯಿಂದ ಕೈಗೆ ದಾಟಿಸಿ ಓದಿತು. ನಗಲು ಹೊರಟವರೊಬ್ಬರು ಅದನ್ನು ಕೆಮ್ಮಾಗಿ ಬದಲಾಯಿಸಿಕೊಂಡರು. ಅನೌನ್ಸರು ನಿಂತೇ ಇದ್ದರು. ಬೆಂಚಿನಲ್ಲಿ ಕೂರಬೇಕು ಅಂತ ಅನ್ನಿಸಲೂ ಇಲ್ಲ.

ಆದರೂ ಆ ದಿನ ಮಧ್ಯಾಹ್ನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಸೊಸೆ ಫೋನ್ ಎತ್ತಲಿಲ್ಲ. ಸಂಜೆಯ ಹೊತ್ತಿಗೆ ದೂರದ ಆ ನಗರದ ಮೇಯರು ಮಾರುಕಟ್ಟೆಯ ಮಧ್ಯೆ ನಿಂತು ತಮ್ಮೂರಿನ ಅವತ್ತಿನ ತಾರೀಖಿನ ಪತ್ರಿಕೆ ಎತ್ತಿ ತೋರಿಸುವ ಚಿತ್ರ ಎಲ್ಲರ ಫೋನಿಗೂ ಬಂತು. ಅವರ ಹಿಂದೆ ನೀಲಿ ಪ್ಲಾಸ್ಟಿಕ್ಕಿನ ಚಪ್ಪರ. ಅನೌನ್ಸರು ಎಲ್ಲ ಚಾನೆಲ್‌ಗಳನ್ನೂ ತಿರುವಿದರು. ತಪ್ಪಾಯ್ತು ಎಂದು ಒಬ್ಬರೂ ಹೇಳಲಿಲ್ಲ. ಬಿದ್ದ ನಗರವನ್ನು ಯಾರೂ ಎತ್ತಿ ನಿಲ್ಲಿಸಲಿಲ್ಲ. ಟ್ಯಾಂಕುಗಳನ್ನು ಪೆಟ್ಟಿಗೆಗೆ ಹಾಕಿ, ನಟನ ಮದುವೆಗೆ ಯಾವ ಬಣ್ಣದ ಚಪ್ಪರ ಎಂಬ ಚರ್ಚೆಗೆ ಕುಳಿತರು.

ಸೊಸೆ ಮನೆಗೆ ಬಂದಾಗ ಯಜಮಾನಿ ಬಾಗಿಲಲ್ಲೇ ನಿಂತಿದ್ದರು.

"ಏನಾಯ್ತೇ?"

"ವಿಭಾಗ ಉಳೀತು ಅತ್ತೆ. ಹಾಸಿಗೆ ಜಾಹೀರಾತನ್ನ ಬೇರೆ ಪುಟಕ್ಕೆ ಹಾಕ್ತಾರಂತೆ, ಆ ಜಾಗ ನನಗೆ. ಪದಬಂಧದವರು ಮಾತ್ರ ಜಾಗ ಬಿಡಲ್ಲ ಅಂದ್ರು."

"ಭೂಗೋಳ ಎಷ್ಟು ದೊಡ್ಡದಾಯ್ತು?" ಎಂದರು ಅನೌನ್ಸರು.

"ನಿಂಬೆಹಣ್ಣಿನಷ್ಟು ಮಾವ."

"ಬೆಳೆಯತ್ತೆ ಬಿಡು." ಆಮೇಲೆ ಬೇರೆ ಕಡೆ ನೋಡುತ್ತಾ ಹೇಳಿದರು. "ನಿನ್ನೆ ಆ ಕುರ್ಚಿ ಹಾಕಿದ್ಯಲ್ಲ. ಒಳ್ಳೇದು ಮಾಡಿದೆ. ಕಾಲು ನಡುಗ್ತಿತ್ತು."

"ನನಗೂ ನಡುಗ್ತಿತ್ತು. ವಿಭಾಗಕ್ಕೆ ಇರೋದು ಒಂದೇ ಕುರ್ಚಿ" ಎಂದಳು ಸೊಸೆ, ಮೊದಲ ಸಲ ನಗುತ್ತಾ.

ಮರುದಿನ ಬೆಳಗ್ಗೆ ಅವಳು ಬಾಲ್ಕನಿಯಲ್ಲಿ ಎಂದಿನಂತೆ ಫೋನ್ ಹಚ್ಚಿದಾಗ ಅನೌನ್ಸರು ಒಣಗಿದ ಬಟ್ಟೆ ತೆಗೆಯುವ ನೆಪ ಮಾಡಿಕೊಂಡು ಪಕ್ಕದಲ್ಲಿ ನಿಂತರು. ಅವಳು ಅರ್ಥ ಮಾಡಿಕೊಂಡು ಸ್ಪೀಕರ್ ಹಾಕಿದಳು. ಬೇಕರಿಯವನ ದನಿ ಗಡಸು, ಅವಸರದ್ದು. ಹಿಂದೆ ತಟ್ಟೆಗಳ ಸದ್ದು, ಬಾಗಿಲ ಗಂಟೆ, ಯಾರೋ ಮಗುವಿಗೆ ಗದರುವುದು. ಅದೆಲ್ಲದರ ಆಚೆ, ದೂರದಲ್ಲಿ, ಟಿಂಗ್ ಟಾಂಗ್ ಎಂದು ಒಂದು ಸದ್ದು. ಆಮೇಲೆ ಒಬ್ಬ ಹೆಂಗಸಿನ ದನಿ, ನಿಧಾನ, ಸಮಾಧಾನ, ಪದ ಪದವೂ ಬಿಡಿಸಿಟ್ಟ ಹಾಗೆ.

ಅನೌನ್ಸರ ಕೈಯಲ್ಲಿದ್ದ ಬಟ್ಟೆಯ ಕ್ಲಿಪ್ಪು ಅಲ್ಲೇ ನಿಂತಿತು.

"ಅದು ಸ್ಟೇಷನ್ ಅಲ್ವಾ?"

"ಹೂಂ ಮಾವ. ಬೇಕರಿ ಹಿಂದೇನೇ ಸ್ಟೇಷನ್ನು."

"ಏನಂತಿದಾಳೆ?"

ಸೊಸೆ ಕಿವಿಗೊಟ್ಟು ಕೇಳಿದಳು. "ಗಾಡಿ ತಡವಾಗಿದೆ ಅಂತೆ. ಎಷ್ಟು ತಡ ಅಂತ ಇನ್ನೂ ಗೊತ್ತಾಗಿಲ್ಲ ಅಂತೆ. ಗೊತ್ತಾದ ಕೂಡಲೇ ಹೇಳ್ತೀನಿ, ದಯವಿಟ್ಟು ಕಾಯಿರಿ ಅಂತಿದಾಳೆ."

ಅನೌನ್ಸರು ಅಂಗಿಯ ಕಾಲರು ಸರಿಮಾಡಿಕೊಂಡು ನೆಟ್ಟಗೆ ನಿಂತರು. ಸುತ್ತ ಬಾಂಬು ಬೀಳುವ ಊರಿನಲ್ಲಿ, ಗಾಜು ಉಳಿದಿದೆಯೋ ಇಲ್ಲವೋ ತಿಳಿಯದ ಯಾವುದೋ ಗೂಡಿನಲ್ಲಿ ಕುಳಿತು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಮೈಕಿನಲ್ಲಿ ಹೇಳುತ್ತಿದ್ದಳು ಅವಳು.

"ನಮ್ಮವಳು" ಎಂದರು ಅನೌನ್ಸರು. ಯಾರ ಬಗ್ಗೆ ಹೇಳಿದರು ಎಂದು ಸೊಸೆ ಕೇಳಲಿಲ್ಲ. ಒಳಗೆ ಹೋಗಿ ಮೇಜಿನಿಂದ ಪೆನ್ನು ತೆಗೆದುಕೊಂಡು ಬರೆಯಲು ಕುಳಿತಳು.